ಪವರ್‌ವಿಎಂ ಶೇರ್ಡ್ ಈಥರ್ನೆಟ್: ಪೆಟ್ಟು ಬೀಳೋದು ವಾಪಸ್ ಬರುವಾಗ

ವಿಐಒಎಸ್ (ಮೆಷಿನ್‌ನ ನೆಟ್‌ವರ್ಕ್ ಕಾರ್ಡ್‌ಗಳನ್ನು ಉಳಿದವರಿಗೆ ಹಂಚುವ ಸರ್ವರ್) ಒಂದನ್ನು ಹಗಲು ಹೊತ್ತಲ್ಲೇ ರೀಬೂಟ್ ಮಾಡಿದರೂ ಅದನ್ನೇ ನಂಬಿರುವ ಹನ್ನೆರಡು ಎಲ್‌ಪಾರ್‌ಗಳಲ್ಲಿ (ಒಂದೇ ಮೆಷಿನ್ ಹಂಚಿ ಮಾಡಿದ ವರ್ಚುವಲ್ ಸರ್ವರ್‌ಗಳು) ಒಂದರ ಡೇಟಾಬೇಸ್ ಕನೆಕ್ಷನ್ನೂ ಕಡಿಯಬಾರದು. ಪವರ್‌ವಿಎಂ ಅನ್ನುವ ವರ್ಚುವಲೈಸೇಶನ್ ವ್ಯವಸ್ಥೆ ಓಡುವ ಐಬಿಎಂ ಪವರ್ ಮೆಷಿನ್‌ನಲ್ಲಿ ಎರಡು ವಿಐಒಎಸ್ ಇಟ್ಟು, ಎರಡರಲ್ಲೂ ಎಲ್‌ಪಾರ್‌ಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಜೋಡಿಸುವ ಶೇರ್ಡ್ ಈಥರ್ನೆಟ್ ಅಡಾಪ್ಟರ್ (ಎಸ್‌ಇಎ) ಕಟ್ಟಿ, ಒಂದು ಬಿದ್ದರೆ ಇನ್ನೊಂದು ಹೊಣೆ ಹೊರುವ ಫೇಲ್‌ಓವರ್ ಹಾಕುವುದು ಈ ಒಂದು ನೆಮ್ಮದಿಗಾಗಿ. ವರ್ಷಗಟ್ಟಲೆ ಓಡಿಸಿದ ಮೇಲೂ ಆ ಮಾತನ್ನು ಇದು ಉಳಿಸಿಕೊಂಡಿದೆ. ಬೇಸರ ತರುವುದು ಬಿದ್ದ ವಿಐಒಎಸ್ ಮತ್ತೆ ಎದ್ದು ಬರುವ ಗಳಿಗೆ.

ದುಡ್ಡಿನ ಲೆಕ್ಕ ಸುಲಭ. ಎಲ್‌ಪಾರ್‌ಗೆ ಎರಡೆರಡು ಪೋರ್ಟ್ ಸ್ವಂತಕ್ಕೆ ಕೊಟ್ಟರೆ 12 ಎಲ್‌ಪಾರ್‌ಗೆ 24 ಪೋರ್ಟ್, 24 ಕೇಬಲ್, ಸ್ವಿಚ್ ಕಡೆ ಇನ್ನೂ 24 ಪೋರ್ಟ್. ಎಸ್‌ಇಎ ಇದ್ದರೆ ಒಂದೊಂದು ವಿಐಒಎಸ್‌ಗೆ ಎರಡು 10 ಗಿಗಾಬಿಟ್ ಪೋರ್ಟ್, ಒಟ್ಟು ನಾಲ್ಕರಲ್ಲಿ ಮುಗಿಯಿತು. ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ವಿಐಒಎಸ್‌ನ ಸಿಪಿಯುಗೆ ಹಾಕಲೇಬೇಕು. ಮೆಷಿನ್‌ನಿಂದ ಹೊರಗೆ ಹೋಗಿಬರುವ ಪ್ರತಿ ಪ್ಯಾಕೆಟ್ಟೂ ಅದರ ಕೈ ದಾಟಿಯೇ ಹೋಗುವುದು. ಅನ್‌ಕ್ಯಾಪ್ಡ್ (ಬೇಕಾದಾಗ ಖಾಲಿ ಇರುವ ಸಿಪಿಯು ಎಳೆದುಕೊಳ್ಳುವ ಬಗೆ) ಇಟ್ಟು, ಎಲ್ಲರಿಗಿಂತ ಮೊದಲು ಸಿಗಲಿ ಅಂತ ವೇಟ್ 255 ಕೊಡಿ. ಇಲ್ಲಿ ಜಿಪುಣತನ ಮಾಡಿದರೆ ರಾತ್ರಿ ಬ್ಯಾಕಪ್ ಓಡುವಾಗ ಎರಡು ವಿಐಒಎಸ್‌ಗಳ ನಡುವಿನ ಹಾರ್ಟ್‌ಬೀಟ್ (ನಾನು ಬದುಕಿದ್ದೇನೆ ಅನ್ನುವ ಸಂದೇಶ) ತಡವಾಗಿ, ಕಾರ್ಡ್ ಕೇಬಲ್ ಎಲ್ಲ ಸರಿಯಿದ್ದರೂ ಫೇಲ್‌ಓವರ್ ಆಗಿಬಿಡಬಹುದು.

ಸೆಟಪ್ ಬಗ್ಗೆ ಒಂದೇ ಎಚ್ಚರಿಕೆ. ಎರಡೂ ಕಡೆಯ ಟ್ರಂಕ್ ಅಡಾಪ್ಟರ್‌ಗೆ (ಎಸ್‌ಇಎಯನ್ನು ಮೆಷಿನ್ ಒಳಗಿನ ವರ್ಚುವಲ್ ಸ್ವಿಚ್‌ಗೆ ಜೋಡಿಸುವುದು) ಬೇರೆ ಬೇರೆ ಪ್ರಯಾರಿಟಿ ಕೊಟ್ಟಿರಬೇಕು, ಒಂದಕ್ಕೆ 1, ಇನ್ನೊಂದಕ್ಕೆ 2. ಎಸ್‌ಇಎ ಸೃಷ್ಟಿಸುವ ಕಮಾಂಡ್‌ನಲ್ಲೇ ಎಚ್‌ಎ ಮೋಡ್ (ಫೇಲ್‌ಓವರ್ ಹೇಗೆ ನಡೆಯಬೇಕು ಅನ್ನುವ ಸೆಟ್ಟಿಂಗ್) ಆಟೋ ಅಂತ ಇರಬೇಕು. ಆಮೇಲೆ ಬದಲಾಯಿಸಿದರಾಯಿತು ಅಂತ ಎರಡನೆಯದನ್ನು ಹಾಗೇ ಕಟ್ಟಿದರೆ ಎರಡೂ ಒಟ್ಟಿಗೆ ಆಕ್ಟಿವ್ ಆಗುತ್ತವೆ. ಸ್ವಿಚ್‌ನಿಂದ ಬಂದ ಬ್ರಾಡ್‌ಕಾಸ್ಟ್ ಒಂದು ವಿಐಒಎಸ್ ಹೊಕ್ಕು, ಹೈಪರ್‌ವೈಸರ್ (ಎಲ್‌ಪಾರ್‌ಗಳನ್ನು ಓಡಿಸುವ ತಳದ ಸಾಫ್ಟ್‌ವೇರ್) ಒಳಗಿನ ವರ್ಚುವಲ್ ಸ್ವಿಚ್ ದಾಟಿ, ಇನ್ನೊಂದು ವಿಐಒಎಸ್‌ನಿಂದ ಹೊರಬಿದ್ದು ಮತ್ತೆ ಅದೇ ಸ್ವಿಚ್‌ಗೆ ಬರುತ್ತದೆ. ಈ ಸುತ್ತು ಶುರುವಾದರೆ ನಿಮ್ಮ ಮೆಷಿನ್ ಒಂದೇ ಅಲ್ಲ, ಆ ವಿಲ್ಯಾನ್‌ನಲ್ಲಿ (ಸ್ವಿಚ್ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್) ಇರುವವರೆಲ್ಲ ಕೂಗಿಕೊಳ್ಳುತ್ತಾರೆ. ಸ್ವಿಚ್ ಪೋರ್ಟ್‌ನಲ್ಲಿ ಬಿಪಿಡಿಯು ಗಾರ್ಡ್ (ಸ್ವಿಚ್‌ಗಳು ಮಾತ್ರ ಕಳಿಸುವ ಸಂದೇಶ ಆ ಪೋರ್ಟ್‌ಗೆ ಬಂದರೆ ತಡೆಯುವ ಕಾವಲು) ಹಾಕಿಟ್ಟರೆ ಸುತ್ತು ಕಂಡ ಕೂಡಲೇ ಪೋರ್ಟ್ ಮುಚ್ಚಿಕೊಳ್ಳುತ್ತದೆ.

ಇನ್ನು ತಿಂಗಳ ತಾಲೀಮು. ಈ ವ್ಯವಸ್ಥೆಯಲ್ಲಿ ಅತಿ ಇಷ್ಟವಾಗುವ ಭಾಗ ಇದೇ. ಎಲ್‌ಪಾರ್ ಒಂದರಿಂದ ಗೇಟ್‌ವೇಗೆ ಸೆಕೆಂಡಿಗೊಂದು ಪಿಂಗ್ ಹಚ್ಚಿಡುವುದು. ಪಕ್ಕದ ಎರಡು ವಿಂಡೋದಲ್ಲಿ ಎರಡು ವಿಐಒಎಸ್ ತೆರೆದು, ಅಡಾಪ್ಟರ್ ಸ್ಥಿತಿ ತೋರಿಸುವ ಎಂಟ್‌ಸ್ಟಾಟ್ ಕಮಾಂಡ್‌ನಲ್ಲಿ ಯಾವುದು ಪ್ರೈಮರಿ, ಯಾವುದು ಬ್ಯಾಕಪ್ ಅಂತ ನೋಡುವುದು. ಪ್ರೈಮರಿ ಇರುವ ಕಡೆ ಎಚ್‌ಎ ಮೋಡ್ ಸ್ಟ್ಯಾಂಡ್‌ಬೈ ಮಾಡಿದರೆ ಇನ್ನೊಂದು ಕಡೆ ಆಕ್ಟಿವ್ ಟ್ರೂ ಅಂತ ಬರುತ್ತದೆ. ಅಷ್ಟರಲ್ಲಿ ಪಿಂಗ್‌ನ ಸೀಕ್ವೆನ್ಸ್ ನಂಬರ್‌ನಲ್ಲಿ ಒಂದೋ ಎರಡೋ ಹಾರಿರುತ್ತವೆ, ಅಷ್ಟೇ. ಹೊಸದಾಗಿ ಹೊಣೆ ಹೊತ್ತ ಎಸ್‌ಇಎ ರಿವರ್ಸ್ ಎಆರ್‌ಪಿ ಕಳಿಸಿ, ಈ ಮ್ಯಾಕ್ ವಿಳಾಸಗಳೆಲ್ಲ ಈಗ ನನ್ನ ಕಡೆ ಅಂತ ಸ್ವಿಚ್‌ಗೆ ತಿಳಿಸುವುದರಿಂದ ಇಷ್ಟು ಬೇಗ ಆಗುತ್ತದೆ. ಎಲ್‌ಪಾರ್‌ನ ಐಪಿ, ಮ್ಯಾಕ್ ಎರಡೂ ಬದಲಾಗದ ಕಾರಣ ಟಿಸಿಪಿ ಕಳೆದುಹೋದ ಒಂದೆರಡು ಪ್ಯಾಕೆಟ್ ಮತ್ತೆ ಕಳಿಸಿ ಮುಂದೆ ಹೋಗುತ್ತದೆ.

ಅದೇ ಎಂಟ್‌ಸ್ಟಾಟ್‌ನಲ್ಲಿ ಈ ಕಡೆ ಎಷ್ಟು ಸಲ ಪ್ರೈಮರಿ ಆಯಿತು, ಎಷ್ಟು ಸಲ ಬ್ಯಾಕಪ್ ಆಯಿತು ಅನ್ನುವ ಎರಡು ಎಣಿಕೆ ಇವೆ. ಪ್ರತಿ ತಾಲೀಮಿನ ನಂತರ ಅವನ್ನು ಬರೆದಿಟ್ಟುಕೊಳ್ಳಿ. ಮುಂದಿನ ತಿಂಗಳು ನೀವು ಕೈಯಾರೆ ಮಾಡಿದ್ದಕ್ಕಿಂತ ಜಾಸ್ತಿ ಕಂಡರೆ ನಡುವೆ ಯಾವಾಗಲೋ ಸದ್ದಿಲ್ಲದೆ ಕೈ ಬದಲಾಗಿದೆ ಅಂತ ಅರ್ಥ.

ಈಗ ಬೇಸರದ ವಿಷಯ. ಮೊದಲ ವಿಐಒಎಸ್ ಬಿದ್ದಾಗ ಎರಡು ಪಿಂಗ್ ಹೋದವು, ಸರಿ. ಅದು ಎದ್ದು ಬಂದು ಲಿಂಕ್ ದೀಪ ಹತ್ತಿದ ತಕ್ಷಣ, ಪ್ರಯಾರಿಟಿ 1 ನನ್ನದು ಅಂತ ಟ್ರಾಫಿಕ್ ವಾಪಸ್ ಎಳೆದುಕೊಳ್ಳುತ್ತದೆ. ಆದರೆ ಸ್ವಿಚ್‌ನಲ್ಲಿ ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ (ಸುತ್ತು ಇಲ್ಲ ಅಂತ ಖಚಿತವಾಗುವವರೆಗೆ ಪೋರ್ಟ್ ತಡೆದಿಡುವ ವ್ಯವಸ್ಥೆ) ಇದ್ದರೆ, ಆ ಪೋರ್ಟ್ ಆಗ ಇನ್ನೂ 15 ಸೆಕೆಂಡ್ ಲಿಸನಿಂಗ್, 15 ಸೆಕೆಂಡ್ ಲರ್ನಿಂಗ್ ಅಂತ ಕೂತಿರುತ್ತದೆ. ಚೆನ್ನಾಗಿ ಓಡುತ್ತಿದ್ದ ಎರಡನೇ ದಾರಿ ಬಿಟ್ಟು ಹನ್ನೆರಡೂ ಎಲ್‌ಪಾರ್‌ಗಳು ಮುಚ್ಚಿದ ಬಾಗಿಲ ಮುಂದೆ ಅರ್ಧ ನಿಮಿಷ ನಿಲ್ಲುತ್ತವೆ. ಕೇಬಲ್ ಕಿತ್ತು ಹಾಕಿದರೂ ಇದೇ ಕಥೆ. ಕೀಳುವಾಗ ತೊಂದರೆಯಿಲ್ಲ, ಹಾಕುವಾಗ ಪೆಟ್ಟು. ಬೀಳಿಸಿ ಮಾತ್ರ ಪರೀಕ್ಷೆ ಮಾಡಿ ಪಾಸ್ ಅಂದುಕೊಂಡವರಿಗೆ ಇದು ಕಾಣಿಸುವುದೇ ಇಲ್ಲ.

ಸ್ವಿಚ್ ಕಡೆ ಮದ್ದು, ಆ ಕಾಯುವಿಕೆ ಬಿಟ್ಟು ಪೋರ್ಟ್ ತಕ್ಷಣ ತೆರೆಯುವ ಪೋರ್ಟ್‌ಫಾಸ್ಟ್. ಆದರೆ ಇಲ್ಲೂ ಒಂದು ಗುಂಡಿ ಇದೆ. ಎಸ್‌ಇಎ ಹಲವು ವಿಲ್ಯಾನ್ ಒಯ್ಯುವುದರಿಂದ ಆ ಪೋರ್ಟ್ ಟ್ರಂಕ್ ಆಗಿರುತ್ತದೆ. ಸಾದಾ ಪೋರ್ಟ್‌ಫಾಸ್ಟ್ ಟ್ರಂಕ್ ಮೇಲೆ ಕೆಲಸ ಮಾಡದ ಸ್ವಿಚ್‌ಗಳಿವೆ, ಟ್ರಂಕ್‌ಗೆಂದೇ ಇರುವ ಬಗೆಯನ್ನು ಕೇಳಿ ಹಾಕಿಸಬೇಕು. ವಿಐಒಎಸ್ ಕಡೆ ಲಿಂಕ್ ಟೈಮ್ ಅನ್ನುವ ಆಟ್ರಿಬ್ಯೂಟ್ ಇದೆ. ಹೋದ ಲಿಂಕ್ ಮರಳಿ ಬಂದ ಮೇಲೆ ಇಷ್ಟು ಸೆಕೆಂಡ್ ಗಟ್ಟಿಯಾಗಿ ನಿಂತರೆ ಮಾತ್ರ ಎಸ್‌ಇಎ ಮತ್ತೆ ಆಟಕ್ಕೆ ಇಳಿಯುತ್ತದೆ. ನಮ್ಮ ಕಡೆ ಅದು 60. ಎಲ್‌ಎಸಿಪಿ (ಎರಡು ಪೋರ್ಟ್ ಒಂದಾಗಿ ಜೋಡಿಸಲು ಸ್ವಿಚ್ ಜೊತೆ ಮಾಡುವ ಒಪ್ಪಂದ) ಕಟ್ಟಿದ್ದರೆ ಅದರ ಮಾತುಕತೆ ಮುಗಿಯುವುದಕ್ಕೂ ಇಷ್ಟರಲ್ಲಿ ಸಮಯ ಸಿಗುತ್ತದೆ. ಗೊತ್ತಿದ್ದೂ ರೀಬೂಟ್ ಮಾಡುವಾಗಲಂತೂ ಮೊದಲೇ ಸ್ಟ್ಯಾಂಡ್‌ಬೈ ಹಾಕಿ. ರೀಬೂಟ್ ಆದರೂ ಅದು ಹಾಗೇ ಉಳಿಯುತ್ತದೆ. ಪೋರ್ಟ್ ಫಾರ್ವರ್ಡಿಂಗ್‌ಗೆ ಬಂತು ಅಂತ ಸ್ವಿಚ್‌ನಲ್ಲಿ ಕಣ್ಣಾರೆ ನೋಡಿ, ಆಮೇಲೆ ಆಟೋಗೆ ತನ್ನಿ. ತರುವುದನ್ನು ಮರೆಯಬೇಡಿ. ಇಷ್ಟು ಮಾಡಿದ ಮೇಲೆ ವಾಪಸ್ ಬರುವಾಗಲೂ ಹೋಗುವುದು ಒಂದೆರಡು ಪಿಂಗ್ ಮಾತ್ರ. ಸಿಟ್ಟೆಲ್ಲ ಇಳಿಯುತ್ತದೆ.

ಉಳಿಯುವ ಕೊರತೆ ಇನ್ನೊಂದು. ವಿಐಒಎಸ್‌ನಿಂದ ಸ್ವಿಚ್‌ವರೆಗೆ ಲಿಂಕ್ ಹಸಿರು, ಸ್ವಿಚ್‌ನಿಂದ ಮೇಲಕ್ಕೆ ಹೋಗುವ ಅಪ್‌ಲಿಂಕ್ ಸತ್ತಿದೆ. ಎಸ್‌ಇಎಗೆ ಇದು ತಾನಾಗಿ ತಿಳಿಯದು. ನೆಟ್‌ಅಡ್ರ್ ಅನ್ನುವ ಆಟ್ರಿಬ್ಯೂಟ್‌ನಲ್ಲಿ ಗೇಟ್‌ವೇ ವಿಳಾಸ ಕೊಟ್ಟರೆ ಪಿಂಗ್ ಮಾಡಿ ನೋಡುತ್ತದೆ, ಅದಕ್ಕೆ ಎಸ್‌ಇಎ ಮೇಲೆಯೇ ಒಂದು ಐಪಿ ಬೇಕು. ಆದರೆ ಗೇಟ್‌ವೇ ಪಿಂಗ್‌ಗೆ ಉತ್ತರ ಕೊಡುವುದನ್ನು ಯಾರಾದರೂ ನಿಲ್ಲಿಸಿದರೆ ಸುಮ್ಮನೆ ಫೇಲ್‌ಓವರ್ ಆಗುತ್ತದೆ. ಸ್ವಿಚ್‌ನಲ್ಲಿ ಲಿಂಕ್ ಸ್ಟೇಟ್ ಟ್ರ್ಯಾಕಿಂಗ್ ಇದ್ದರೆ ಅದೇ ಮೇಲು: ಅಪ್‌ಲಿಂಕ್ ಹೋದ ಕೂಡಲೇ ಸರ್ವರ್ ಕಡೆಯ ಪೋರ್ಟನ್ನೂ ಅದು ಬೀಳಿಸುತ್ತದೆ, ಎಸ್‌ಇಎಗೆ ಅರ್ಥವಾಗುವ ಭಾಷೆ ಅದು.

ಹೊಸ ಮೆಷಿನ್, ಎಸ್‌ಆರ್-ಐಒವಿ ಕಾರ್ಡ್ (ಒಂದೇ ಕಾರ್ಡ್ ತನ್ನನ್ನು ಹಲವಾಗಿ ಹಂಚಿಕೊಳ್ಳುವ ಬಗೆ) ಎರಡಕ್ಕೂ ಬಜೆಟ್ ಇರುವವರು, ಅದರ ಮೇಲೆ ಕಟ್ಟುವ ವರ್ಚುವಲ್ ಕಾರ್ಡ್ ಆದ ವಿನಿಕ್‌ನ ಫೇಲ್‌ಓವರ್ ನೋಡಿ. ಇರುವ ಕಾರ್ಡ್‌ನಲ್ಲೇ ಹನ್ನೆರಡು ಎಲ್‌ಪಾರ್ ಸಾಕಬೇಕು ಅನ್ನುವವರಿಗೆ ಎಸ್‌ಇಎ ಸಾಕು. ಅದನ್ನು ಚಾಲೂ ಮಾಡುವ ಮೊದಲು ಸ್ವಿಚ್ ನೋಡಿಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಲ್ಕೂ ಪೋರ್ಟ್‌ಗಳ ಸೆಟ್ಟಿಂಗ್ ಒಂದೊಂದಾಗಿ ಓದಿಸಿ.