ಮಕ್ಕಳ ಜೊತೆ ಸೀಳು ಕಣಿವೆ: ಲಿಟಲ್ ವೈಲ್ಡ್ ಹಾರ್ಸಾ, ಪೀಕಬೂ-ಸ್ಪೂಕಿನಾ?

ಅಕ್ಟೋಬರ್ ಶುರುವಿನಲ್ಲಿ ನಾವು ನಾಲ್ವರು ಅಮೆರಿಕದ ಯೂಟಾ ರಾಜ್ಯದ ಮರುಭೂಮಿಗೆ ಹೋಗಿದ್ದೆವು. ನಾನು, ನಮ್ಮ ಯಜಮಾನರು, 11 ವರ್ಷದ ಮಗ, 8 ವರ್ಷದ ಮಗಳು. ಒಂದೇ ಪ್ರವಾಸದಲ್ಲಿ ಎರಡು ಕಡೆ ಸೀಳು ಕಣಿವೆ, ಅಂದರೆ ನೀರು ಬಂಡೆಯನ್ನು ಕೊರೆದು ಮಾಡಿದ ಆಳವಾದ ಇಕ್ಕಟ್ಟು ಕಣಿವೆ, ನೋಡಿದೆವು. ಎರಡಕ್ಕೂ ಹಗ್ಗ ಬೇಕಿಲ್ಲ, ಹಗಲಲ್ಲಿ ನಡೆದು ಬರಲು ಪರವಾನಗಿಯೂ ಬೇಕಿಲ್ಲ. ಆದರೆ ಮಕ್ಕಳಿದ್ದರೆ ಎರಡೂ ಒಂದೇ ಅಲ್ಲ.

ಮೊದಲು ಹೋಗಿದ್ದು ಗಾಬ್ಲಿನ್ ವ್ಯಾಲಿ ಎಂಬ ರಾಜ್ಯ ಉದ್ಯಾನದ ಹತ್ತಿರದ ಲಿಟಲ್ ವೈಲ್ಡ್ ಹಾರ್ಸ್‌ಗೆ. ಪಕ್ಕದ ಬೆಲ್ ಕಣಿವೆ ಸೇರಿಸಿ ಸುತ್ತು ಹಾಕಿದರೆ ಸುಮಾರು 13 ಕಿ.ಮೀ. ನಾವು ಸುತ್ತು ಹಾಕಲಿಲ್ಲ. ಇಕ್ಕಟ್ಟಾದ ಭಾಗ ಮುಗಿಯುವವರೆಗೆ ಹೋಗಿ, ಬಂದ ದಾರಿಯಲ್ಲೇ ವಾಪಸ್ಸಾದೆವು. ಈ ಕಣಿವೆಯಲ್ಲಿ ನನಗೆ ಹಿಡಿಸಿದ್ದೇ ಅದು. ಮಗುವಿಗೆ ಸುಸ್ತಾಯಿತಾ, ಅಲ್ಲಿಂದಲೇ ತಿರುಗಬಹುದು. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮಗಳು ಅರ್ಧ ದಾರಿ ಹಾಗೆ ಗೋಡೆ ಸವರಿಕೊಂಡೇ ನಡೆದಳು.

ಪೀಕಬೂ, ಸ್ಪೂಕಿ ಅಕ್ಕಪಕ್ಕದ ಎರಡು ಕಣಿವೆಗಳು, ಇರುವುದು ಎಸ್ಕಲಾಂಟೆ ಊರಿನ ಕಡೆ. ಹೆದ್ದಾರಿ 12 ಬಿಟ್ಟು ಹೋಲ್-ಇನ್-ದ-ರಾಕ್ ಮಣ್ಣುರಸ್ತೆಯಲ್ಲಿ ಸುಮಾರು 42 ಕಿ.ಮೀ. ಒಳಗೆ ಹೋಗಬೇಕು. 1879-80ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಬಂಡಿಗಳಲ್ಲಿ ಸಾಗಿದ ದಾರಿ ಅದು. ಇವತ್ತಿಗೂ ಮೈಯೆಲ್ಲ ಕುಲುಕಿಸುತ್ತದೆ. ಪೀಕಬೂ ಬಾಯಲ್ಲೇ 10-12 ಅಡಿ ಬಂಡೆ ಹತ್ತಬೇಕು. ಕೈ-ಕಾಲಿಡಲು ಗುಳಿಗಳಿವೆ, ಆದರೆ ಮಗಳ ಕಾಲಿಗೆ ಎಟುಕಲಿಲ್ಲ. ನಾನು ಕೆಳಗಿನಿಂದ ನೂಕಿದೆ, ಯಜಮಾನರು ಮೇಲಿಂದ ಎಳೆದುಕೊಂಡರು. ಒಳಗಿನ ಕಲ್ಲಿನ ಕಮಾನುಗಳನ್ನು ನೋಡಿದ ಮೇಲೆ ಇಬ್ಬರು ಮಕ್ಕಳೂ ಆ ಕಷ್ಟವನ್ನೇ ಮರೆತರು. ಚೆಂದದಲ್ಲಿ ಪೀಕಬೂಗೇ ನನ್ನ ಮತ.

ಸ್ಪೂಕಿಯ ಮಾತೇ ಬೇರೆ. ಕೆಲವು ಕಡೆ ಅಗಲ ಒಂದು ಅಡಿಗಿಂತ ಕಡಿಮೆ. ಬೆನ್ನುಚೀಲ ಕಳಚಿ ಕೈಯಲ್ಲಿ ಹಿಡಿದು, ಅಡ್ಡಡ್ಡ ಸರಿಯಬೇಕು. ಸಾಮಾನ್ಯವಾಗಿ ಜನ ಪೀಕಬೂ ಹತ್ತಿ ಸ್ಪೂಕಿಯಲ್ಲಿ ಇಳಿಯುತ್ತಾರೆ. ನಡುವೆ ಸಿಕ್ಕಿಹಾಕಿಕೊಂಡ ಬಂಡೆಗಳಿವೆ, ಅವುಗಳ ಸಂದಿಯಲ್ಲಿ ಕೆಳಗಿಳಿಯಬೇಕು. ಅಲ್ಲಿ ಮಗಳು ಹೆದರಿ ಅತ್ತಳು. ಹಿಂದೆ ಜನ ಬರುತ್ತಿದ್ದರು, ತಿರುಗಿ ಹೋಗಲು ಜಾಗವಿಲ್ಲ. ಹತ್ತು ನಿಮಿಷ ಅಲ್ಲೇ ಕೂತು ಸಮಾಧಾನ ಮಾಡಿದೆ. ಅವಳನ್ನು ಕರೆತಂದಿದ್ದು ಬೇಗ ಆಯಿತು ಅಂತ ಆಗ ಅನ್ನಿಸಿತು. ಮಗನಿಗಂತೂ ಇಡೀ ಪ್ರವಾಸದಲ್ಲಿ ಅದೇ ಇಷ್ಟವಾದ ಜಾಗ.

ಟೆಂಟ್ ವಿಷಯಕ್ಕೆ ಬಂದರೆ ಗಾಬ್ಲಿನ್ ವ್ಯಾಲಿಯೇ ಸಲೀಸು. ಕುಡಿಯುವ ನೀರು, ಬಿಸಿನೀರ ಸ್ನಾನ, ಶೌಚಾಲಯ ಎಲ್ಲ ಉಂಟು, ಜಾಗ ಮಾತ್ರ ಮುಂಚೆಯೇ ಕಾದಿರಿಸಬೇಕು. ರಾತ್ರಿ ಆಕಾಶಗಂಗೆ ಬರಿಗಣ್ಣಿಗೆ ಸ್ಪಷ್ಟ. ಎಸ್ಕಲಾಂಟೆ ಕಡೆ ಬಯಲಲ್ಲಿ ತಂಗಲು ಉಚಿತ ಪರವಾನಗಿ ತಗೊಂಡೆವು. ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ನೀರು ಹೊತ್ತೆವು. ಸದ್ದೇ ಇಲ್ಲದ ರಾತ್ರಿ ಬೇಕಿದ್ದರೆ ಅದೇ ಸರಿ.

ಪ್ರವಾಹದ ಭಯ ಎರಡೂ ಕಡೆ ಒಂದೇ. ಬರೀ ಬಂಡೆ, ನೀರು ಇಂಗುವುದಿಲ್ಲ. ಎಲ್ಲೋ ದೂರದಲ್ಲಿ ಮಳೆ ಸುರಿದರೂ ಕಣಿವೆ ತುಂಬಿಬಿಡುತ್ತದೆ, ನಮ್ಮ ತಲೆ ಮೇಲೆ ಮೋಡವೇ ಇಲ್ಲದಿರಬಹುದು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅಪಾಯ ಜಾಸ್ತಿ. ಎರಡೂ ದಿನ ಬೆಳಿಗ್ಗೆ ರೇಂಜರ್‌ಗಳನ್ನು (ಅಲ್ಲಿನ ಕಾವಲು ಸಿಬ್ಬಂದಿಯನ್ನು) ಕೇಳಿಕೊಂಡೇ ಹೊರಟೆವು.

ಹತ್ತರೊಳಗಿನ ಮಕ್ಕಳಿದ್ದರೆ ಲಿಟಲ್ ವೈಲ್ಡ್ ಹಾರ್ಸ್‌ಗೇ ಹೋಗಿ. ಸ್ಪೂಕಿಗೆ ಇನ್ನೊಮ್ಮೆ ಹೋಗೋಣ ಅಂತ ಮಗ ಈಗಲೂ ಕೇಳುತ್ತಾನೆ. ತಂಗಿ ಸ್ವಲ್ಪ ಉದ್ದ ಆಗಲಿ ಅಂದಿದ್ದೇನೆ.