ಬಿಳಿ ಗೂಟದಾಚೆ ಹೋದ ಚೆಂಡು: ನಾಲ್ಕು ಭಾನುವಾರದ ಗಾಲ್ಫ್ ಪಾಠ

ವಿರಾಜಪೇಟೆ ಕಡೆ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. "ಇಲ್ಲಿ ಗಾಲ್ಫ್ ಆಡಬಹುದಾ ಆಂಟಿ?" ಅಂತ ಬೆಂಗಳೂರಿನವರು ಕೇಳುತ್ತಲೇ ಇರುತ್ತಾರೆ. ಮಡಿಕೇರಿಗೋ ಬಿಟ್ಟಂಗಾಲಕ್ಕೋ ದಾರಿ ಹೇಳಿ ಸುಮ್ನಾಗುತ್ತಿದ್ದೆ. ಆಟ ಹೇಗೆ ಅಂತ ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಹಾಗಾಗಿ ಕೈಲ್‌ಪೊಳ್ದ್ ಹಬ್ಬ ಮುಗಿದು, ಮಳೆ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಅಕ್ಕನ ಮಗನನ್ನು ಕರೆದುಕೊಂಡು ಹೊಸಬರ ಕ್ಲಾಸಿಗೆ ಸೇರಿದೆ. ಕ್ಲಾಸಿನವರ ಮೇಲೆ ಒಂದು ದೂರೂ ಇರುವುದರಿಂದ ಅವರ ಹೆಸರು ಬರೆಯುತ್ತಿಲ್ಲ.

ದೂರು ಮೊದಲೇ ಹೇಳಿಬಿಡುತ್ತೇನೆ. ನಾನು ಎಡಗೈಯವಳು. ಸ್ಕೂಲಲ್ಲಿ ಹಾಕಿ ಆಡುವಾಗ ಎಡಗೈ ಸ್ಟಿಕ್ಕೇ ಇರಲಿಲ್ಲ, ಆ ಆಟದಲ್ಲಿ ಯಾರಿಗೂ ಇಲ್ಲ. ಗಾಲ್ಫಿನಲ್ಲಿ ಎಡಗೈಯವರಿಗೆ ಬೇರೆ ಕ್ಲಬ್ (ಚೆಂಡು ಹೊಡೆಯುವ ಕೋಲು) ಬರುತ್ತದೆ ಅಂತ ಕೇಳಿ ಖುಷಿಯಾಗಿತ್ತು. ಒಬ್ಬರು 14 ಕ್ಲಬ್‌ವರೆಗೂ ಒಯ್ಯಬಹುದಂತೆ. ಇವರ ಹತ್ತಿರ ಎಡಗೈಯದು ಇದ್ದದ್ದು ಒಂದೇ ಒಂದು, 7 ಐರನ್ ಅನ್ನೋ ಕ್ಲಬ್. ಫೋನಲ್ಲಿ ಕೇಳಿದಾಗ "ಎಲ್ಲಾ ಇದೆ ಮೇಡಂ" ಅಂದಿದ್ದರು! ಅಭ್ಯಾಸದ ಚೆಂಡಿಗೆ ಬೇರೆ ದುಡ್ಡು ಅನ್ನೋದೂ ಕೊನೆಗೇ ಗೊತ್ತಾದದ್ದು.

ಆದರೆ ಪಾಠ ಚೆನ್ನಾಗಿತ್ತು. ಕಲಿಸಿದವರು ಮೊದಲ ದಿನ ಹೊಡೆಯಲು ಬಿಡಲೇ ಇಲ್ಲ. ಮೈದಾನ ಸುತ್ತಿಸಿ ಗೂಟ ತೋರಿಸಿದರು. ಬಿಳಿ ಗೂಟ ಅಂದರೆ ಗಡಿ, ಅದರಾಚೆ ಚೆಂಡು ಸಿಕ್ಕಿದರೂ ಪ್ರಯೋಜನ ಇಲ್ಲ. ಹಳದಿ, ಕೆಂಪು ಗೂಟ ಇರುವುದು ಕೆರೆ, ತೋಡಿನ ಹತ್ತಿರ. ಅಲ್ಲಿಂದ ಹೊಡೆಯಲು ಆದರೆ ಹೊಡೆಯಿರಿ, ಇಲ್ಲ ಒಂದು ಹೊಡೆತ ದಂಡ ತೆತ್ತು (ಅಂದರೆ ಲೆಕ್ಕಕ್ಕೆ ಒಂದು ಹೊಡೆತ ಜಾಸ್ತಿ) ಹೊರಗೆ ಚೆಂಡು ಬಿಡಿ. ಮೊಣಕಾಲಿನ ಎತ್ತರದಿಂದ ಬಿಡಬೇಕು.

ಎರಡನೇ ಭಾನುವಾರ ನನ್ನ ಚೆಂಡು ನೇರ ಕಾಫಿ ತೋಟಕ್ಕೆ ಹೋಯಿತು. ಗಡಿಯೊಳಗೇ ಇರಬಹುದು ಅಂತ ಹುಡುಕಲು ಓಡಿದೆ. ಹುಡುಕಲು 3 ನಿಮಿಷ ಮಾತ್ರ. 2019ಕ್ಕೆ ಮುಂಚೆ 5 ಇತ್ತಂತೆ. ಚೆಂಡಿನ ಬದಲು ಎರಡು ಜಿಗಣೆ ಸಿಕ್ಕವು. ಕ್ಲಬ್ ಚೀಲ ಹೊರುವ ಕ್ಯಾಡಿ ಅಣ್ಣ, "ಹೋಯ್ತು ಬಿಡಿ ಅಕ್ಕ, ವಾಪಸ್ ನಡೀರಿ" ಅಂದರು. ಹೊಡೆದ ಜಾಗಕ್ಕೇ ಮರಳಬೇಕು. ಹೋದ ಹೊಡೆತ ಒಂದು, ದಂಡ ಒಂದು, ಈಗ ಹೊಡೆಯುವುದು ಮೂರನೆಯದು. ನಿಂತಿರುವುದು ಮಾತ್ರ ಮೊದಲಿದ್ದ ಜಾಗದಲ್ಲೇ! ಅನುಮಾನ ಬಂದ ಕೂಡಲೇ "ಪ್ರೊವಿಷನಲ್ ಚೆಂಡು" (ತಾತ್ಕಾಲಿಕ ಚೆಂಡು) ಅಂತ ಹೇಳಿ ಇನ್ನೊಂದು ಹೊಡೆದು ಹೋಗಿದ್ದರೆ ಈ ನಡಿಗೆ ತಪ್ಪುತ್ತಿತ್ತು. ಬಾಯಿಬಿಟ್ಟು ಹೇಳದಿದ್ದರೆ ಆ ಎರಡನೇ ಚೆಂಡೇ ಲೆಕ್ಕಕ್ಕೆ ಬರುತ್ತದೆ. ಪುಸ್ತಕದಲ್ಲಿ ಓದಿದ್ದರೆ ಮರೆತೇ ಹೋಗುತ್ತಿತ್ತು, ಆ ಏರು ಹತ್ತಿ ವಾಪಸ್ ಬಂದದ್ದು ಮರೆಯಲ್ಲ.

ದಂಡ ಇಲ್ಲದ ಸಂಗತಿಗಳೂ ಜಾಸ್ತಿಯೇ ಇವೆ. ಮಳೆನೀರು ನಿಂತ ಜಾಗಕ್ಕೆ ಬಿದ್ದರೆ ಪುಕ್ಕಟೆ ಎತ್ತಿ ಪಕ್ಕಕ್ಕೆ ಬಿಡಬಹುದು. ಆದರೆ ಇಬ್ಬನಿಯನ್ನು ನಿಂತ ನೀರು ಅಂತ ಲೆಕ್ಕ ಹಿಡಿಯುವುದಿಲ್ಲ. ನಮ್ಮೂರಲ್ಲಿ ಹಿಡಿದಿದ್ದರೆ ಬೆಳಗ್ಗೆ ಯಾರೂ ಆಡುತ್ತಲೇ ಇರಲಿಲ್ಲ. ಒಣಗಿದ ಸಿಲ್ವರ್ ಓಕ್ ಎಲೆ, ಪ್ರಾಣಿಗಳ ಸಗಣಿ, ಲದ್ದಿ ಎಲ್ಲ ತೆಗೆಯಬಹುದು, ಚೆಂಡು ಮಾತ್ರ ಅಲುಗಬಾರದು. "ಆನೆ ಲದ್ದಿ ಕೂಡಾನಾ?" ಅಂತ ಹುಡುಗ ಕೇಳಿದ. ಕಲಿಸುವವರು ನಗದೇ "ಹೌದು" ಅಂದರು.

ಬಂಕರ್, ಅಂದರೆ ಮರಳು ತುಂಬಿದ ಗುಂಡಿಯ ಕಥೆ ಬೇರೆ. ಹೊಡೆಯುವ ಮುಂಚೆ ಸುಮ್ನೆ ಕ್ಲಬ್ ಬೀಸಿ ಮರಳಿಗೆ ತಗುಲಿಸಿದರೆ ಎರಡು ಹೊಡೆತ ದಂಡ. ನಾನು ಮೂರು ಸಲ ತಗುಲಿಸಿದೆ. ಇನ್ನೊಬ್ಬರ ಚೆಂಡು ಹೊಡೆದರೂ ಎರಡು. ನಮ್ಮಿಬ್ಬರಿಗೂ ಒಂದೇ ಥರದ ಚೆಂಡು ಕೊಟ್ಟಿದ್ದರು. ನಾನು ಲಿಪ್‌ಸ್ಟಿಕ್‌ನಲ್ಲಿ ಚುಕ್ಕಿ ಇಟ್ಟುಕೊಂಡೆ.

ಕೊನೆಯ ವಾರ ಪಾರ್ 4 ಹೋಲ್‌ಗೆ, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಗುಳಿಗೆ, ನನಗೆ 11 ಹೊಡೆತ ಆಯಿತು. ಗಾಳಿಗೆ ಬೀಸಿದ್ದೂ ಅದರಲ್ಲಿ ಒಂದು. ಹೊಡೆಯಬೇಕು ಅಂತ ಬೀಸಿದರೆ ತಾಗದಿದ್ದರೂ ಲೆಕ್ಕವೇ.

ನಮ್ಮ ಅತಿಥಿಗಳನ್ನು ಅಲ್ಲಿಗೆ ಕಳಿಸುತ್ತೇನೆ. ಐದಕ್ಕೆ ನಾಲ್ಕು ಕೊಡಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಎಡಗೈಯವರಾದರೆ ಕ್ಲಬ್ಬಿನ ಫೋಟೋ ತರಿಸಿಕೊಂಡೇ ದುಡ್ಡು ಕಟ್ಟಿ. ಜಿಗಣೆಗೆ ಉಪ್ಪು ನಾನೇ ಕೊಡುತ್ತೇನೆ.