ತಾಲ್ಲೂಕುವಾರು ಮಳೆಯ ನಕ್ಷೆಗೆ ಬಾರ್‌ಪ್ಲಾಟ್ ಸಾಕೇ, ಜಿಜಿಪ್ಲಾಟ್2 ಬೇಕೇ?

ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕುಗಳ ಮಳೆಯನ್ನು ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಂಬನಕ್ಷೆಯಾಗಿ (ಬಾರ್ ಚಾರ್ಟ್) ತೋರಿಸಲು ಹೊರಟವರಿಗೆ ಆರ್ ಜೊತೆಗೇ ಬರುವ ಬಾರ್‌ಪ್ಲಾಟ್ ಇದೆ, ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬೇಕಾದ ಜಿಜಿಪ್ಲಾಟ್2 ಪ್ಯಾಕೇಜ್ ಇದೆ. ಎರಡೂ ಕೈಕೊಡುವ ರೀತಿ ಮಾತ್ರ ಬೇರೆ ಬೇರೆ.

ಬಾರ್‌ಪ್ಲಾಟ್‌ಗೆ ಡೇಟಾಫ್ರೇಮನ್ನು (ಸಾಲು, ಕಾಲಮ್‌ಗಳ ಕೋಷ್ಟಕವನ್ನು) ಇಡಿಯಾಗಿ ಕೊಟ್ಟರೆ ವೆಕ್ಟರ್ (ಸಂಖ್ಯೆಗಳ ಸರಣಿ) ಅಥವಾ ಮ್ಯಾಟ್ರಿಕ್ಸ್ (ಸಂಖ್ಯೆಗಳದ್ದೇ ಕೋಷ್ಟಕ) ಬೇಕೆಂದು ತಕರಾರು ತೆಗೆಯುತ್ತದೆ. ಮಳೆಯ ಕಾಲಮ್ಮನ್ನಷ್ಟೇ ಕೊಟ್ಟರೆ ಅದು ಬಗೆಹರಿಯುತ್ತದೆ. ಆದರೆ ಕಂಬಗಳ ಕೆಳಗೆ ಬರೆಯುವ ತಾಲ್ಲೂಕಿನ ಹೆಸರುಗಳಿಗೆ ಜಾಗ ಸಾಲದಿದ್ದಾಗ ಅದು ಎಚ್ಚರಿಕೆಯನ್ನೂ ನೀಡದೆ ಕೆಲವನ್ನು ಕೈಬಿಡುವುದರಿಂದ, ಕಂಬವಿದ್ದರೂ ಕೆಳಗೆ ಭದ್ರಾವತಿಯ ಹೆಸರೇ ಇರುವುದಿಲ್ಲ. ಅಕ್ಷರಗಳ ದಿಕ್ಕನ್ನು ನಿರ್ಧರಿಸುವ ‘ಲಾಸ್’ (las) ಮೌಲ್ಯವನ್ನು 2 ಮಾಡಿ ಹೆಸರುಗಳನ್ನು ಲಂಬವಾಗಿ ನಿಲ್ಲಿಸಬೇಕು, ಅಂಚುಗಳ ಅಳತೆಯಾದ ‘ಮಾರ್’ (mar) ಮೂಲಕ ಕೆಳಗಿನ ಅಂಚನ್ನೂ ಹಿಗ್ಗಿಸಬೇಕು.

ಜಿಜಿಪ್ಲಾಟ್2 ಹೆಸರುಗಳನ್ನು ನುಂಗುವುದಿಲ್ಲ, ಒಂದರ ಮೇಲೊಂದು ಹೇರುತ್ತದೆ. ಕಂಬ ಬಿಡಿಸುವ ಅದರ ‘ಜಿಯೋಮ್ ಬಾರ್’ (geom_bar) ಮಳೆಯನ್ನು ನೋಡದೆ ಸಾಲುಗಳನ್ನು ಎಣಿಸುವುದರಿಂದ, ತಾಲ್ಲೂಕಿಗೊಂದೇ ಸಾಲಿದ್ದರೆ ಎಲ್ಲ ಕಂಬಗಳ ಎತ್ತರವೂ 1 ಆಗಿ, ಆಗುಂಬೆಯನ್ನು ಮಡಿಲಲ್ಲಿಟ್ಟುಕೊಂಡ ತೀರ್ಥಹಳ್ಳಿಗೂ ಶಿಕಾರಿಪುರಕ್ಕೂ ಸಮಪಾಲು ಸಿಗುತ್ತದೆ (ಮಲೆನಾಡಿನವರು ನಕ್ಕಾರು). ಇಲ್ಲಿ ಕಾಲಮ್ಮಿನ ಮೌಲ್ಯವನ್ನೇ ಎತ್ತರವಾಗಿಸುವ ‘ಜಿಯೋಮ್ ಕಾಲ್’ (geom_col) ಬಳಸಬೇಕು. ಕಂಬಗಳು ಅಕಾರಾದಿಯಾಗಿ ನಿಂತರೆ ಅವನ್ನು ಮಳೆಯ ಪ್ರಮಾಣದ ಕ್ರಮಕ್ಕೆ ತರುವ ‘ರಿಆರ್ಡರ್’ (reorder) ಸರಿಪಡಿಸುತ್ತದೆ. ಬಾರ್‌ಪ್ಲಾಟ್‌ನಲ್ಲಿ ಕೊಟ್ಟ ಕ್ರಮವೇ ಉಳಿಯುತ್ತದೆ.

ಒಮ್ಮೆ ನೋಡಿ ಮರೆಯುವ ನಕ್ಷೆಗೆ ನಾನು ಬಾರ್‌ಪ್ಲಾಟನ್ನೇ ಆರಿಸುತ್ತೇನೆ. ತಿಂಗಳುವಾರು ಬಣ್ಣ, ಸೂಚಿಪಟ್ಟಿಗಳೆಲ್ಲ ಬೇಕಾದಲ್ಲಿ ಜಿಜಿಪ್ಲಾಟ್2 ಕಲಿಯುವ ಶ್ರಮ ದಂಡವಾಗುವುದಿಲ್ಲ.